ಫೋಟೋಕ್ಯಾಥೋಡ್ ಕೈಕೊಟ್ಟಾಗ: ಮತ್ತೆ ಸೀಸಿಯಂ ಬಿಡುವ ಮೊದಲು ನೋಡಬೇಕಾದದ್ದು

ಮೀಟರಿನ ಮುಳ್ಳು 0.8 ಮೈಕ್ರೋ ಆ್ಯಂಪಿಗೆ ಬಂದು ನಿಂತುಬಿಟ್ಟಿದೆ. ದೀಪದಿಂದ ಕ್ಯಾಥೋಡ್ ಮೇಲೆ, ಅಂದರೆ ಟ್ಯೂಬಿನೊಳಗೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಬಿಡುವ ಪದರದ ಮೇಲೆ, ಬೀಳುತ್ತಿರುವುದು 0.1 ಲ್ಯೂಮೆನ್ ಬೆಳಕು. ಅಂದರೆ ಲ್ಯೂಮೆನ್ ಒಂದಕ್ಕೆ 8 ಮೈಕ್ರೋ ಆ್ಯಂಪ್. ಬರಬೇಕಾಗಿದ್ದದ್ದು 40ರ ಆಸುಪಾಸು. ಬೆಂಚಿನ ಮುಂದೆ ಕೂತ ಹುಡುಗ ತಿರುಗಿ ಕೇಳುತ್ತಾನೆ: "ಸಾರ್, ಇನ್ನೊಂದು ಸಲ ಸೀಸಿಯಂ ಬಿಡ್ಲಾ?"

ಬೇಡ ಮಾರಾಯ. ಮೊದಲು ಕೈ ತೆಗೆ.

ಇಷ್ಟು ವರ್ಷದಲ್ಲಿ ನಾನು ನೋಡಿದ ಕೆಟ್ಟ ಟ್ಯೂಬುಗಳಲ್ಲಿ ಸೀಸಿಯಂ ಸಾಲದೆ ಕೆಟ್ಟವು ಕಡಿಮೆ. ಸೀಸಿಯಂ ಬಿಡುವ ಮೊದಲೇ ಕೆಟ್ಟಿದ್ದವು ಜಾಸ್ತಿ. ಇನ್ನು ಕೆಲವು ಚೆನ್ನಾಗಿಯೇ ಇದ್ದವು, ಅಳತೆ ತಪ್ಪಿತ್ತು. ಆದರೆ ಕೈಗೆ ಸಿಗುವುದು ಸೀಸಿಯಂ ಸ್ವಿಚ್ ಒಂದೇ ಅಲ್ವಾ, ಹಾಗಾಗಿ ಎಲ್ಲರೂ ಅದನ್ನೇ ಒತ್ತುತ್ತಾರೆ.

ಇಲ್ಲಿ ಹೇಳುತ್ತಿರುವುದು ಆಂಟಿಮನಿ-ಸೀಸಿಯಂ ಕ್ಯಾಥೋಡ್ ಬಗ್ಗೆ. ಜರ್ಮನಿಯ ವಿಜ್ಞಾನಿ ಗೋರ್ಲಿಷ್ 1936ರಲ್ಲಿ ಹೊರಗೆ ತಂದ ಈ ಪದರದಲ್ಲಿ ಒಂದು ಆಂಟಿಮನಿ ಪರಮಾಣುವಿಗೆ ಮೂರು ಸೀಸಿಯಂ ಪರಮಾಣು ಇರುತ್ತವೆ. ಅದಕ್ಕೂ ಮುಂಚಿನದು 1929ರಲ್ಲಿ ಕೊಲ್ಲರ್ ಮಾಡಿದ ಬೆಳ್ಳಿ-ಆಕ್ಸಿಜನ್-ಸೀಸಿಯಂ ಪದರ. ಅದರ ಗುಣವೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ನಮ್ಮ ಬೆಂಚು ಹಳೇ ಕಾಲದ್ದು: ನಿರ್ವಾತ ಮಾಡುವ ಎಣ್ಣೆ ಡಿಫ್ಯೂಷನ್ ಪಂಪು, ಅದರ ಮೇಲೆ ಆವಿಯನ್ನು ಹೆಪ್ಪುಗಟ್ಟಿಸಿ ಹಿಡಿದಿಡುವ ಲಿಕ್ವಿಡ್ ನೈಟ್ರೋಜನ್ ಟ್ರ್ಯಾಪ್, ಒಳಗಿನ ಒತ್ತಡ ಅಳೆಯುವ ಅಯಾನ್ ಗೇಜ್, ಟ್ಯೂಬಿನ ಮೇಲೆ ಕವಚಿಡುವ ಓವನ್. ಟ್ಯೂಬಿನ ಒಳಗೆ ಟಂಗ್‌ಸ್ಟನ್ ತಂತಿಗೆ ಅಂಟಿದ ಒಂದು ಆಂಟಿಮನಿ ಮಣಿ ಇದೆ, ಅದನ್ನು ಕಾಯಿಸಿದರೆ ಆವಿಯಾಗಿ ಹೋಗಿ ಪದರವಾಗಿ ಕೂರುತ್ತದೆ. ಜೊತೆಗೆ ಸೀಸಿಯಂ ಕ್ರೋಮೇಟ್ ಮತ್ತು ಸಿಲಿಕಾನ್ ಪುಡಿ ತುಂಬಿದ ಸಣ್ಣ ಲೋಹದ ಕೊಳವೆ ಇದೆ. ಕರೆಂಟ್ ಹರಿಸಿದರೆ ಅದು ಕೆಂಪಗೆ ಕಾದು ಸೀಸಿಯಂ ಆವಿ ಬಿಡುತ್ತದೆ, ಆ ಆವಿ ಆಂಟಿಮನಿ ಪದರವನ್ನು ಸೇರಿದರೆ ಕ್ಯಾಥೋಡ್ ಆಯಿತು.

ಮೊದಲು ದೀಪವನ್ನು ಅನುಮಾನಿಸಿ

ಟ್ಯೂಬನ್ನು ಬೈಯುವ ಮೊದಲು ದೀಪದ ವೋಲ್ಟೇಜ್ ನೋಡಿ. ಫೋಟೋಟ್ಯೂಬ್ ಅಳತೆಗೆ ಬಳಸುವ ಟಂಗ್‌ಸ್ಟನ್ ದೀಪ 2856 ಕೆಲ್ವಿನ್‌ನಲ್ಲಿ ಉರಿಯಬೇಕು. ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜ್ 5 ಶೇಕಡಾ ಇಳಿದರೆ ಬೆಳಕು 16 ಶೇಕಡಾ ಹೋಯಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ದೀಪ ಮಂಕಾದಂತೆ ಕೆಂಪಾಗುತ್ತದೆ, ನೀಲಿ ಪಾಲು ಇನ್ನೂ ಬೇಗ ಕರಗುತ್ತದೆ, ಮತ್ತು ಈ ಕ್ಯಾಥೋಡಿಗೆ ಬೇಕಾಗಿರುವುದೇ ನೀಲಿ. ಅದರ ಕಣ್ಣು ಚುರುಕಾಗಿರುವುದು 400 ನ್ಯಾನೋಮೀಟರ್ ಹತ್ತಿರ, 650 ದಾಟಿದ ಮೇಲೆ ಹೆಚ್ಚುಕಡಿಮೆ ಕುರುಡು. ಸಂಜೆ ಹೊತ್ತು ಲೈನ್ ವೋಲ್ಟೇಜ್ ಬಿದ್ದಾಗ ಸ್ಟೆಬಿಲೈಸರ್ ಇಲ್ಲದ ದೀಪದಲ್ಲಿ ಅಳೆದು, ಬೆಳಿಗ್ಗೆ ಮಾಡಿದ ಟ್ಯೂಬ್ ಒಳ್ಳೆಯದು ಸಂಜೆ ಮಾಡಿದ್ದು ಕೆಟ್ಟದ್ದು ಎಂದು ನಾವು ಒಂದು ವಾರ ತಲೆ ಕೆಡಿಸಿಕೊಂಡಿದ್ದೆವು. ಆಮೇಲೆ ಅದೇ ಸಂಜೆಯ ಟ್ಯೂಬನ್ನು ಬೆಳಿಗ್ಗೆ ಅಳೆದಾಗ ನಗು ಬಂತು.

ಒಂದು ಒಳ್ಳೇ ಹಳೇ ಟ್ಯೂಬನ್ನು ಕಪ್ಪು ಡಬ್ಬಿಯಲ್ಲಿ ಎತ್ತಿಡಿ. ಅನುಮಾನ ಬಂದಾಗ ಮೊದಲು ಅದನ್ನು ಅಳೆಯಿರಿ. ಅದೂ ಕಡಿಮೆ ತೋರಿಸಿದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಎರಡನೆಯದು, ಬೆಳಕಿಗೆ ಕೈ ಅಡ್ಡ ಹಿಡಿದು ನೋಡುವುದು. ಇದನ್ನು ನಾನು ಅವಮಾನಪಟ್ಟು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟ್ಯೂಬಿಗೆ ಸೀಸಿಯಂ ಬಿಡುತ್ತಾ ಹೋದೆ. ಮುಳ್ಳು 1 ದಾಟಿತು, 2 ದಾಟಿತು, 3ಕ್ಕೆ ಬಂತು. ಖುಷಿಯಲ್ಲಿ ಎಲ್ಲರನ್ನೂ ಕರೆದೆ. ನಮ್ಮ ಗ್ಲಾಸ್ ಬ್ಲೋಯರ್ ಯಜಮಾನರು ಬಂದರು, ಏನೂ ಮಾತಾಡದೆ ದೀಪದ ಮುಂದೆ ಅಂಗೈ ಹಿಡಿದರು. ಮುಳ್ಳು 2.2ಕ್ಕೆ ಇಳಿದು ಅಲ್ಲೇ ನಿಂತಿತು. ಅಷ್ಟೂ ಸೋರಿಕೆ. ಸೀಸಿಯಂ ಗಾಜಿನ ಮೇಲೆಲ್ಲ ಹರಡಿ ಒಂದು ತಂತಿಯಿಂದ ಇನ್ನೊಂದಕ್ಕೆ ದಾರಿ ಮಾಡಿಕೊಂಡಿತ್ತು. ಬೆಳಕಿನ ಪಾಲು 0.8. ಆವತ್ತಿನಿಂದ ಅರ್ಧ ನಿಮಿಷಕ್ಕೊಮ್ಮೆ ಬೆಳಕು ಮುಚ್ಚಿ ತೆಗೆದು, ಎರಡರ ವ್ಯತ್ಯಾಸವನ್ನು ಮಾತ್ರ ಪುಸ್ತಕದಲ್ಲಿ ಬರೆಯುವುದು ರೂಢಿ. ನೀವೂ ಹಾಗೇ ಮಾಡಿ. ಓವನ್ ಬಿಸಿಯಲ್ಲಿ ಕತ್ತಲೆಯ ಕರೆಂಟ್ ಇರುವುದೇ ಜಾಸ್ತಿ, ಅದನ್ನು ಕಳೆಯದೆ ಬರೆದ ಅಂಕಿಗೆ ಬೆಲೆ ಇಲ್ಲ.

ಕರೆಂಟಿನ ನಡಿಗೆ

ಟ್ಯೂಬು 130 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುವಾಗ ಸೀಸಿಯಂ ಬಿಟ್ಟರೆ ಕರೆಂಟು ಹೇಗೆ ನಡೆಯುತ್ತದೆ ಎನ್ನುವುದೇ ಮುಖ್ಯ ಸಾಕ್ಷಿ. ಒಳ್ಳೇ ಟ್ಯೂಬಿನಲ್ಲಿ ಮೊದಲು ಸ್ವಲ್ಪ ಹೊತ್ತು ಏನೂ ಇರುವುದಿಲ್ಲ, ಸೀಸಿಯಂ ಗಾಜಿಗೆ ಲೋಹಕ್ಕೆ ಅಂಟಿಕೊಂಡು ಅಲ್ಲೇ ಖರ್ಚಾಗುತ್ತಿರುತ್ತದೆ, ಆಮೇಲೆ ಮುಳ್ಳು ತೆವಳಲು ಶುರುವಾಗಿ, ಸರಸರನೆ ಏರಿ, ಒಂದು ತುದಿ ಮುಟ್ಟಿ, ಇನ್ನೂ ಬಿಟ್ಟರೆ ಮೆಲ್ಲಗೆ ಇಳಿಯುತ್ತದೆ. ಇಳಿಯಲು ಶುರುವಾಯಿತು ಅಂದರೆ ಸಾಕು, ನಿಲ್ಲಿಸಿ. ಕಣ್ಣಿಗೂ ಕಾಣುತ್ತದೆ: ಬೂದು ಬಣ್ಣದ ಆಂಟಿಮನಿ ತಿಳಿಯಾಗುತ್ತಾ ಹೋಗಿ, ತೆಳು ಪದರವನ್ನು ಬೆಳಕಿಗೆ ಎದುರಾಗಿ ಹಿಡಿದರೆ ಕೆಂಪು ಛಾಯೆ ಬಂದಿರುತ್ತದೆ.

ಇನ್ನು ಕೆಟ್ಟ ನಡಿಗೆಗಳು.

ಮುಳ್ಳು ಅಲ್ಲಾಡುವುದೇ ಇಲ್ಲ

ಇದು ಸುಲಭದ ಕೇಸು. ಕೊಳವೆ ನಿಜವಾಗಿ ಕಾದಿದೆಯಾ? ಓವನ್ ಕಿಂಡಿಯಿಂದ ನೋಡಿ, ಕೆಂಪಗೆ ಕಾಣಬೇಕು. ಕಾದಿದ್ದರೂ ಕರೆಂಟ್ ಇಲ್ಲದಿದ್ದರೆ ಸೀಸಿಯಂ ಬೇರೆಲ್ಲೋ ಹೋಗುತ್ತಿದೆ. ಅದಕ್ಕೆ ತಂಪು ಜಾಗ ಕಂಡರೆ ಬಹಳ ಪ್ರೀತಿ. ಪಂಪಿಗೆ ಹೋಗುವ ಕತ್ತು ಓವನ್ನಿನಿಂದ ಹೊರಗೆ ಎರಡು ಇಂಚು ಜಾಸ್ತಿ ಚಾಚಿಕೊಂಡಿದ್ದರೆ ಸೀಸಿಯಂ ಅಲ್ಲೇ ಹೋಗಿ ಕೂರುತ್ತದೆ. ಅಲ್ಲಿ ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿದೆಯಾ ನೋಡಿ.

ಅದೂ ಇಲ್ಲವಾದರೆ ಆಂಟಿಮನಿ ಪದರಕ್ಕೂ ಹೊರಗಿನ ತಂತಿಗೂ ಸಂಪರ್ಕ ಇದೆಯಾ ಎನ್ನುವ ಪ್ರಶ್ನೆ. ತೆಳು ಪದರ ಸಂಪರ್ಕಪಟ್ಟಿಯ ಅಂಚಿನ ಮೆಟ್ಟಿಲು ಹತ್ತುವಲ್ಲಿ ಹರಿದಿರುತ್ತದೆ. ಎರಡು ತಂತಿ ಹೊರಗೆ ತಂದಿದ್ದರೆ ಸೀಸಿಯಂ ಬಿಡುವ ಮೊದಲೇ ಮಲ್ಟಿಮೀಟರ್ ಇಡಿ. ಏನಾದರೊಂದು ಓದಬೇಕು. ಓಪನ್ ತೋರಿಸಿದರೆ ಆ ಟ್ಯೂಬಿಗೆ ಸೀಸಿಯಂ ದಂಡ.

ಅರ್ಧಕ್ಕೆ ಏರಿ ಬೀಳುತ್ತದೆ

ಶುರುವಿನಲ್ಲಿ ಹೇಳಿದ ಆ ಹುಡುಗನ 0.8ರ ಟ್ಯೂಬ್ ಇದೇ ಜಾತಿ. ತುದಿ ಬರುತ್ತದೆ, ಆದರೆ ಬರಬೇಕಾದ್ದರ ಐದನೇ ಒಂದು ಪಾಲಿಗೆ. ಇನ್ನಷ್ಟು ಬಿಟ್ಟರೆ ಇಳಿಯುತ್ತದೆ. ಒಳಗೆ ನೀರಿನ ಆವಿ ಅಥವಾ ಗಾಳಿ ಇದೆ, ಬಂದ ಸೀಸಿಯಂ ಆಂಟಿಮನಿಯನ್ನು ಸೇರುವ ಮೊದಲೇ ಅದರ ಜೊತೆ ಕೂಡಿಕೊಂಡು ಕೆಡುತ್ತಿದೆ.

ಪತ್ತೆ ಹೀಗೆ. ಪಂಪಿನ ವಾಲ್ವ್ ಮುಚ್ಚಿ, ಗೇಜ್ ನೋಡುತ್ತಾ ಗಡಿಯಾರ ಹಿಡಿದು ಕೂತುಕೊಳ್ಳಿ. ಒತ್ತಡ ಬೇಗ ಏರಿ, ಆಮೇಲೆ ನಿಧಾನವಾಗಿ, ಕೊನೆಗೆ ಒಂದು ಮಟ್ಟದಲ್ಲಿ ನಿಂತರೆ ಅದು ಗೋಡೆಯಿಂದ ಬರುತ್ತಿರುವ ನೀರು. ಬೇಕಿಂಗ್, ಅಂದರೆ ಓವನ್ನಿನಲ್ಲಿ ಕಾಯಿಸಿ ನೀರು ಓಡಿಸುವುದು, ಸಾಲಲಿಲ್ಲ. ನಿಲ್ಲದೆ ಒಂದೇ ಸಮನೆ ಏರುತ್ತಾ ಹೋದರೆ ಎಲ್ಲೋ ತೂತಿದೆ.

ತೂತಿದ್ದರೆ ಟೆಸ್ಲಾ ಕಾಯಿಲ್ ಹಿಡಿದು ಕೀಲುಗಳ ಮೇಲೆ ಓಡಿಸಿ. ಒಳಗೆ ನಿರ್ವಾತ ಚೆನ್ನಾಗಿದ್ದಾಗ ಕಿಡಿ ಗಾಜಿನ ಮೇಲೆ ಗುರಿಯಿಲ್ಲದೆ ಅಲೆಯುತ್ತದೆ. ಸೂಜಿಮೊನೆ ತೂತು ಇದ್ದರೆ ಎಲ್ಲೆಲ್ಲೋ ಅಲೆಯುತ್ತಿದ್ದ ಕಿಡಿಗಳೆಲ್ಲ ಒಟ್ಟಾಗಿ ಒಂದೇ ಬಿಳಿ ಎಳೆಯಾಗಿ ಅದರೊಳಗೆ ನುಗ್ಗುತ್ತವೆ. ಕತ್ತಲು ಮಾಡಿಕೊಂಡು ನೋಡಬೇಕು, ಚೆಂದವೂ ಇರುತ್ತದೆ. ನಾನು ನೋಡಿದ ತೂತುಗಳು ಬಹುಪಾಲು ಟಂಗ್‌ಸ್ಟನ್ ತಂತಿ ಗಾಜಿನೊಳಗೆ ಹೋಗುವ ಸೀಲಿನಲ್ಲೇ ಇದ್ದವು. ತಂತಿಯ ಉದ್ದಕ್ಕೂ ಕಣ್ಣಿಗೆ ಕಾಣದ ಸೀಳು. ತೆಳು ಗಾಜಿನ ಮೇಲೆ ಮಾತ್ರ ಕಾಯಿಲ್ ಒಂದೇ ಕಡೆ ಹಿಡಿಯಬೇಡಿ. ಇಲ್ಲದ ತೂತನ್ನು ಅದೇ ಮಾಡಿಕೊಡುತ್ತದೆ.

ಟ್ಯೂಬಿನ ಸುತ್ತ ಲೋಹದ ಕೀಲುಗಳಿದ್ದರೆ ಹತ್ತಿಯಲ್ಲಿ ಅಸಿಟೋನ್ ಅದ್ದಿ ಒಂದೊಂದಕ್ಕೂ ಮುಟ್ಟಿಸಿ, ಗೇಜ್ ಜಿಗಿದರೆ ಸಿಕ್ಕಿತು. ಬಿಸಿ ಓವನ್ ಪಕ್ಕ ಇದನ್ನು ಮಾಡಬೇಡಿ, ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ನೀರು ಎಲ್ಲಿಂದ ಬಂತು? ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಜೂನ್ ಬಂದರೆ ಗೊತ್ತಾಗುತ್ತದೆ, ಮಂಗಳೂರಿನ ಕಡೆಯವರ ಪಾಡು ಇನ್ನೂ ಕೇಳಬೇಡಿ. ಬೆಂಚನ್ನು ಗಾಳಿಗೆ ತೆರೆದಿಟ್ಟಷ್ಟೂ ಹೊತ್ತು ಗಾಜು ತೇವ ಕುಡಿಯುತ್ತಲೇ ಇರುತ್ತದೆ. ತೆರೆಯುವಾಗ ಒಣ ನೈಟ್ರೋಜನ್ ತುಂಬಿಸಿ ತೆರೆಯಿರಿ. ಬೊರೋಸಿಲಿಕೇಟ್ ಗಾಜಾದರೆ 350 ಡಿಗ್ರಿಯಲ್ಲಿ ಕೆಲವು ಗಂಟೆ ಬೇಕ್ ಮಾಡಿ. ಓವನ್ ಇನ್ನೂ ಬಿಸಿ ಇರುವಾಗ ಒತ್ತಡ ಎಷ್ಟಿದೆ ಎನ್ನುವುದನ್ನು ನಂಬಿ, ತಣ್ಣಗಾದ ಮೇಲಿನ ಅಂಕಿ ಎಲ್ಲವನ್ನೂ ಮುಚ್ಚಿಡುತ್ತದೆ. ಸೀಸಿಯಂ ಶುರು ಮಾಡುವ ಹೊತ್ತಿಗೆ ಒತ್ತಡ ಒಂದು ಟಾರ್‌ನ ಕೋಟಿಯಲ್ಲಿ ಒಂದು ಪಾಲಿಗಿಂತ ಕೆಳಗೆ ಹೋಗಿರಬೇಕು, ಇನ್ನೂ ಕೆಳಗೆ ಹೋದರೆ ಇನ್ನೂ ಒಳ್ಳೆಯದು.

ಮರೆಯುವ ಇನ್ನೊಂದು ಸಂಗತಿ, ಸೀಸಿಯಂ ಕೊಳವೆ ಮತ್ತು ಆಂಟಿಮನಿ ಮಣಿ ಕೂಡ ಗ್ಯಾಸ್ ಬಿಡುತ್ತವೆ. ಬೇಕ್ ಮಾಡುವಾಗಲೇ ಎರಡಕ್ಕೂ ಕಡಿಮೆ ಕರೆಂಟ್ ಕೊಟ್ಟು, ಆವಿ ಬರುವ ಮಟ್ಟಕ್ಕಿಂತ ಕೆಳಗೆ ಕಾಯಿಸಿ, ಗೇಜ್ ಜಿಗಿದು ಮತ್ತೆ ಇಳಿಯುವ ತನಕ ಕಾಯಬೇಕು.

ಹಾಗಾದರೆ 0.8ರ ಟ್ಯೂಬಿಗೆ ಏನಾಗಿತ್ತು? ಟೆಸ್ಲಾ ಕಾಯಿಲ್‌ಗೆ ತೂತು ಸಿಗಲಿಲ್ಲ. ಬೇಕಿಂಗ್ ಸರಿಯಾಗಿತ್ತು, ಬೆಳಗಿನ ದಾಖಲೆಯಲ್ಲಿ ಒತ್ತಡವೂ ಚೆನ್ನಾಗಿತ್ತು. ಹುಡುಗನನ್ನು ಕೇಳಿದೆ, "ಟ್ರ್ಯಾಪಿಗೆ ಕೊನೆ ಸಲ ನೈಟ್ರೋಜನ್ ಹಾಕಿದ್ದು ಯಾವಾಗ?" "ಊಟಕ್ಕೆ ಹೋಗೋ ಮುಂಚೆ ಸಾರ್." ಊಟ ಮುಗಿಸಿ, ಟೀ ಕುಡಿದು ಬಂದು ಸೀಸಿಯಂ ಶುರು ಮಾಡಿದ್ದಾನೆ. ಅಷ್ಟರಲ್ಲಿ ಟ್ರ್ಯಾಪಿನಲ್ಲಿ ನೈಟ್ರೋಜನ್ ಅರ್ಧಕ್ಕೆ ಇಳಿದಿದೆ. ಮೇಲಿನ ಅರ್ಧ ಬೆಚ್ಚಗಾಗಿ, ಬೆಳಿಗ್ಗೆಯಿಂದ ಅಲ್ಲಿ ಹೆಪ್ಪುಗಟ್ಟಿ ಕೂತಿದ್ದ ನೀರೆಲ್ಲ ಬಿಡುಗಡೆಯಾಗಿ ನೇರ ಟ್ಯೂಬಿಗೆ ಬಂದಿದೆ. ಅಂದರೆ ಆ ಟ್ಯೂಬು ಊಟದ ಹೊತ್ತಿನಲ್ಲೇ ಕೆಟ್ಟಿತ್ತು. ಟ್ರ್ಯಾಪ್ ತುಂಬಿಸುವ ಕೆಲಸಕ್ಕೆ ಈಗ ನಮ್ಮಲ್ಲಿ ಅಡಿಗೆಮನೆ ಟೈಮರ್ ಇಟ್ಟಿದ್ದೇವೆ, ಟ್ರಿಣ್ ಅಂದಾಗ ಯಾರು ಹತ್ತಿರ ಇರುತ್ತಾರೋ ಅವರು ತುಂಬಿಸಬೇಕು.

ಬಿಸಿಯಲ್ಲಿ ಚೆನ್ನಾಗಿತ್ತು, ತಣಿದ ಮೇಲೆ ಬಿತ್ತು

ಇಲ್ಲಿ ತಾಳ್ಮೆ ಬೇಕು. ಎರಡು ವಿರುದ್ಧ ಕಾಯಿಲೆಗೆ ಒಂದೇ ಲಕ್ಷಣ. ಸೀಸಿಯಂ ಜಾಸ್ತಿಯಾಗಿದ್ದರೆ, ಬಿಸಿಯಲ್ಲಿ ಆವಿಯಾಗಿ ಸುತ್ತುತ್ತಿದ್ದದ್ದು ತಣಿಯುವಾಗ ಬಂದು ಕ್ಯಾಥೋಡ್ ಮೇಲೆ ಕೂತಿರುತ್ತದೆ. ಕಡಿಮೆಯಾಗಿದ್ದರೆ, ಬಿಸಿಯಲ್ಲಿ ಜಾಸ್ತಿ ಹೊತ್ತು ಬಿಟ್ಟು ಪದರದಿಂದಲೇ ಸೀಸಿಯಂ ಎದ್ದು ಹೋಗಿರುತ್ತದೆ. ಎರಡರಲ್ಲೂ ಕರೆಂಟ್ ಕಡಿಮೆ.

ಮತ್ತೆ 130ಕ್ಕೆ ಕಾಯಿಸಿ, ಸೀಸಿಯಂ ಬಿಡದೆ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಕಾಯಿಸುತ್ತಿದ್ದಂತೆ ಬೆಳಕಿನ ಕರೆಂಟ್ ಏರಿದರೆ ಜಾಸ್ತಿಯಾಗಿತ್ತು, ಪಂಪು ಅದನ್ನು ಎಳೆದುಕೊಳ್ಳುತ್ತಿದೆ. ಮುಳ್ಳು ತುದಿ ಮುಟ್ಟಿದ ತಕ್ಷಣ ಓವನ್ ಎತ್ತಿಬಿಡಿ. ಏರದೆ ಇನ್ನೂ ಇಳಿದರೆ ಆಗ, ಆಗ ಮಾತ್ರ, ಕೊಳವೆಗೆ ಕೆಲವೇ ಸೆಕೆಂಡು ಕರೆಂಟ್ ಕೊಟ್ಟು ಒಂದು ಚಿಟಿಕೆ ಬಿಡಿ. ಅದಕ್ಕೆ ಏರಿದರೆ ಕಡಿಮೆಯಾಗಿತ್ತು ಅಂತ ಅರ್ಥ. ಚಿಟಿಕೆಗೂ ಏರದೆ ಇಳಿದರೆ ನೀರು ಅಥವಾ ಗಾಳಿ ಪದರಕ್ಕೆ ವಿಷವಾಗಿದೆ, 'ಅರ್ಧಕ್ಕೆ ಏರಿ ಬೀಳುತ್ತದೆ' ಎನ್ನುವ ಹಿಂದಿನ ಭಾಗಕ್ಕೆ ಹೋಗಿ. ಸಾರಿಗೆ ಉಪ್ಪು ಜಾಸ್ತಿಯಾದರೆ ತೆಗೆಯಲು ಬರುವುದಿಲ್ಲ, ಸೀಸಿಯಂ ಜಾಸ್ತಿಯಾದರೆ ಹೀಗೆ ತೆಗೆಯಬಹುದು. ಆದರೆ ಗಾಜಿಗೆಲ್ಲ ಮೆತ್ತಿದ್ದನ್ನು ಪೂರ್ತಿ ತೆಗೆಯಲು ಇಡೀ ದಿನ ಬೇಕು, ಸೋರಿಕೆಯಾಗಿ ಅದರ ಬಡ್ಡಿಯನ್ನೂ ಕಟ್ಟಬೇಕು.

ಕೊನೆಯಲ್ಲಿ ಆಕ್ಸಿಜನ್ ಒಂದು ಉಸಿರಿನಷ್ಟು ಕೊಡುವ ಪದ್ಧತಿ ಇದೆ. ಇಲ್ಲಿಯವರೆಗೆ ಶತ್ರುವಾಗಿದ್ದ ಅದೇ ಆಕ್ಸಿಜನ್ ಸಿದ್ಧವಾದ ಪದರದ ಮೈಮೇಲೆ ಸ್ವಲ್ಪವೇ ಕೂತರೆ ಕರೆಂಟು ಏರುತ್ತದೆ, ಕೆಂಪಿನ ಕಡೆಗೂ ಕಣ್ಣು ಸ್ವಲ್ಪ ತೆರೆಯುತ್ತದೆ. ಮುಳ್ಳು ಏರುವುದು ನಿಂತ ಕ್ಷಣ ನಿಲ್ಲಿಸಬೇಕು. ಒಂದು ಗುಟುಕು ಜಾಸ್ತಿಯಾದರೆ ಬೆಳಗಿನಿಂದ ಮಾಡಿದ್ದೆಲ್ಲ ಹೋಯಿತು. ಕೈ ಪಳಗುವ ತನಕ ಇದನ್ನು ಮಾಡದಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಒಂದು ಪಕ್ಕ ಚುರುಕು, ಇನ್ನೊಂದು ಪಕ್ಕ ಮಂಕು

ಕಾಗದಕ್ಕೆ ಸೂಜಿ ಚುಚ್ಚಿ ಅದರ ತೂತಿನಿಂದ ಬೆಳಕಿನ ಚುಕ್ಕಿಯನ್ನು ಕ್ಯಾಥೋಡ್ ಮೇಲೆ ಓಡಿಸಿ. ಮಂಕಾದ ಜಾಗ ಸೀಸಿಯಂ ಕೊಳವೆಗೆ ದೂರದ ತುದಿಯಲ್ಲಿದ್ದರೆ ಇನ್ನೊಂದಿಷ್ಟು ಹೊತ್ತು ಬಿಸಿಯಲ್ಲಿ ಇಟ್ಟರೆ ಸೀಸಿಯಂ ಹರಡಿಕೊಳ್ಳುತ್ತದೆ. ಎಲ್ಲೆಂದರಲ್ಲಿ ಚುಕ್ಕೆ ಚುಕ್ಕೆಯಾಗಿದ್ದರೆ ಆಂಟಿಮನಿ ಮಣಿ ಸಿಡಿದಿದೆ. ಮಣಿಯನ್ನು ಒಮ್ಮೆಲೇ ಜೋರಾಗಿ ಕಾಯಿಸಿದರೆ ಒಗ್ಗರಣೆ ಸಾಸಿವೆಯ ಹಾಗೆ ಸಿಡಿಯುತ್ತದೆ. ಆಂಟಿಮನಿ ಕರಗುವುದು 630 ಡಿಗ್ರಿಯಲ್ಲಿ. ಅಷ್ಟಕ್ಕೆ ಹೋಗುವ ಮೊದಲೇ ಅದು ಆವಿಯಾಗಲು ಶುರುವಾಗಿರುತ್ತದೆ, ಅವಸರ ಬೇಡ. ಬೆಳಕು ಹಾಯುವ ತೆಳು ಕ್ಯಾಥೋಡ್ ಬೇಕಾದರೆ ಪದರದ ಹಿಂದೆ ದೀಪ ಇಟ್ಟು, ಹಾಯುವ ಬೆಳಕು ಮೊದಲಿದ್ದದ್ದರ 70ರಿಂದ 80 ಶೇಕಡಾಕ್ಕೆ ಇಳಿದಾಗ ಆಂಟಿಮನಿ ಬಿಡುವುದನ್ನು ನಿಲ್ಲಿಸಿ.

ತೆಳು ಕ್ಯಾಥೋಡಿನಲ್ಲಿ ಇನ್ನೊಂದು ಮೋಸ ಇದೆ. ಪದರದ ರೋಧ ಜಾಸ್ತಿಯಾದ್ದರಿಂದ ಜೋರು ಬೆಳಕು ಬಿಟ್ಟರೆ ನಡುವಿನ ಭಾಗಕ್ಕೆ ಎಲೆಕ್ಟ್ರಾನ್ ಪೂರೈಕೆಯಾಗುವುದಿಲ್ಲ, ನಡುವೆ ಮಂಕು ಅನ್ನಿಸುತ್ತದೆ. ಬೆಳಕು ಹತ್ತನೇ ಒಂದಕ್ಕೆ ಇಳಿಸಿ ಮತ್ತೆ ಅಳೆಯಿರಿ. ಮಂಕು ಮಾಯವಾದರೆ ಪದರ ಸರಿ ಇದೆ.

ಕತ್ತಲಲ್ಲೂ ಕರೆಂಟ್

ಮೊದಲು ಹೊರಗೆ ನೋಡಿ. ಟ್ಯೂಬಿನ ಬುಡದ ಮೇಲಿನ ಬೆರಳಚ್ಚು, ತೇವ. ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಗಾಳಿ ಹಿಡಿದು, ಮತ್ತೆ ಅಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಮುಗಿಯದಿದ್ದರೆ ವೋಲ್ಟೇಜ್ ಅರ್ಧಕ್ಕಿಳಿಸಿ. ಕತ್ತಲೆ ಕರೆಂಟೂ ನೇರವಾಗಿ ಅರ್ಧವಾದರೆ ಅದು ಗಾಜಿನ ಮೇಲಿನ ಸೋರಿಕೆ. ಹೆಚ್ಚು ಬದಲಾಗದಿದ್ದರೆ ಟ್ಯೂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸ್ ಪಾತ್ರೆಯಲ್ಲಿಡಿ. ತಣ್ಣಗಾದಂತೆ ಕರೆಂಟು ಕುಸಿದರೆ ಅದು ಬಿಸಿಗೆ ತಾನಾಗಿ ಹಾರುವ ಎಲೆಕ್ಟ್ರಾನುಗಳದ್ದು. ಇನ್ನು ವೋಲ್ಟೇಜ್ ಏರಿಸಿದಂತೆ ಲೆಕ್ಕಕ್ಕಿಂತ ಜಾಸ್ತಿ ಏರುತ್ತಾ, ಬೆಳಕಿನ ಕರೆಂಟೂ ಸ್ಥಿರವಾಗದೆ ಏರುತ್ತಲೇ ಇದ್ದರೆ ಒಳಗೆ ಗ್ಯಾಸ್ ಇದೆ.

ಸೋರಿಕೆಗೆ ಕಾರಣ ಒಳಗಿನ ಸೀಸಿಯಮ್ಮೇ ಆಗಿದ್ದರೆ, ಟ್ಯೂಬು ಇನ್ನೂ ಪಂಪಿನ ಮೇಲಿರುವಾಗ ಕ್ಯಾಥೋಡನ್ನು ತಂಪಾಗಿಟ್ಟು ಬುಡಕ್ಕೆ ಮಾತ್ರ ಬಿಸಿಗಾಳಿ ಹಿಡಿದು ಓಡಿಸಬಹುದು. ಸೀಸಿಯಂ ಕರಗುವುದೇ 28.5 ಡಿಗ್ರಿಯಲ್ಲಿ. ಏಪ್ರಿಲ್ ಮಧ್ಯಾಹ್ನ ನಮ್ಮ ಕಪಾಟಿನ ಆ್ಯಂಪೂಲಿನಲ್ಲಿ ಯಾರೂ ಕಾಯಿಸದೆ ಅದು ಚಿನ್ನದ ಬಣ್ಣದ ನೀರಾಗಿ ಓಲಾಡುತ್ತಿರುತ್ತದೆ.

ಕತ್ತಲೆ ಕರೆಂಟಿಗೆ ಯಾಕಿಷ್ಟು ತಲೆಬಿಸಿ ಅನ್ನುವವರಿಗೆ ಕೋಲಾರದ ಚಿನ್ನದ ಗಣಿ ನೆನಪಿಸುತ್ತೇನೆ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳ ಗುರುತು ಹಿಡಿದರಲ್ಲ, ಅಲ್ಲಿ ಕಣ ಹಾಯ್ದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರಿನ ಮಿಣುಕು ನೋಡಲು ಕೂತಿದ್ದದ್ದು ಫೋಟೋಮಲ್ಟಿಪ್ಲೈಯರ್ ಟ್ಯೂಬುಗಳು, ಅಂದರೆ ಫೋಟೋಕ್ಯಾಥೋಡಿನ ಕರೆಂಟನ್ನು ಒಳಗೇ ಹಲವು ಪಟ್ಟು ಹೆಚ್ಚಿಸುವ ಟ್ಯೂಬುಗಳು. ಕಾಯುತ್ತಿರುವ ಅತಿಥಿ ಅಷ್ಟು ಅಪರೂಪಕ್ಕೆ ಬರುವವನಾದರೆ, ಸುಮ್ಮಸುಮ್ಮನೆ ಬಾಗಿಲು ಬಡಿಯುವ ಟ್ಯೂಬು ಯಾರಿಗೆ ಬೇಕು?

ಬೆಳ್ಳಿ-ಆಕ್ಸಿಜನ್-ಸೀಸಿಯಂ ಟ್ಯೂಬಿಗೆ ಈ ಅಳತೆಗೋಲು ಹಿಡಿಯಬೇಡಿ. ಅದರ ಕತ್ತಲೆ ಕರೆಂಟು ಹುಟ್ಟಿನಿಂದಲೇ ಸಾವಿರಾರು ಪಟ್ಟು ಜಾಸ್ತಿ. ಆದರೆ ಅದಕ್ಕೆ ಕಣ್ಣಿಗೆ ಕಾಣದ ಅತಿಗೆಂಪೂ ಕಾಣುತ್ತದೆ, ಟಂಗ್‌ಸ್ಟನ್ ದೀಪದಲ್ಲಿ ಧಾರಾಳವಾಗಿರುವುದೂ ಅದೇ. ಹಾಗಾಗಿಯೇ ಟಾಕಿ ಪ್ರೊಜೆಕ್ಟರುಗಳಲ್ಲಿ ಫಿಲಂ ಅಂಚಿನ ಸೌಂಡ್ ಪಟ್ಟಿ ಓದಲು ಅದನ್ನೇ ಇಡುತ್ತಿದ್ದರು. ನಮ್ಮ ಟೂರಿಂಗ್ ಟಾಕೀಸಿನ ಆಪರೇಟರುಗಳು ಶಬ್ದ ಮಂಕಾದರೆ ಮೊದಲು ಆ ಪಟ್ಟಿಗೆ ಬೆಳಕು ಬಿಡುವ ಎಕ್ಸೈಟರ್ ದೀಪ ಒರೆಸುತ್ತಿದ್ದರು. ಸರಿಯಾದ ಕ್ರಮವೇ ಅದು.

ಸೀಲ್ ಮಾಡಿದ ಮೇಲೆ ದಿನದಿನಕ್ಕೆ ಇಳಿಯುವುದು

ಪಂಪಿನ ಮೇಲೆ 40 ಇದ್ದದ್ದು ಮರುದಿನ 30, ವಾರಕ್ಕೆ 20. ಹೀಗಾದರೆ ಕತ್ತು ಕತ್ತರಿಸಿದ ಗಳಿಗೆಯನ್ನು ಹಿಡಿಯಿರಿ. ಗಾಜನ್ನು ಜ್ವಾಲೆಯಲ್ಲಿ ಕರಗಿಸುವಾಗ ಅದರೊಳಗಿನ ನೀರು ಹೊರಗೆ ಬರುತ್ತದೆ, ಅರ್ಧ ಪಂಪಿಗೆ, ಅರ್ಧ ಟ್ಯೂಬಿಗೆ. ಸೀಸಿಯಂ ಶುರು ಮಾಡುವ ಮೊದಲೇ ಆ ಜಾಗವನ್ನು ಮೃದು ಜ್ವಾಲೆಯಲ್ಲಿ, ಗಾಜು ಇನ್ನೇನು ಬಾಗಬೇಕು ಅನ್ನುವವರೆಗೆ ಕಾಯಿಸಿ ಆ ನೀರನ್ನು ಹೊರಹಾಕಿರಬೇಕು. ಇದನ್ನು ಮರೆತರೆ ಆಮೇಲೆ ಮಾಡಲು ಏನೂ ಉಳಿದಿರುವುದಿಲ್ಲ, ಟ್ಯೂಬಿನೊಳಗೆ ಉಳಿದ ಗ್ಯಾಸ್ ಹೀರಿಕೊಳ್ಳುವ ಬೇರಿಯಂ ಗೆಟರ್ ಇಟ್ಟಿದ್ದರೆ ಅದನ್ನು ಹೊತ್ತಿಸಿ ಪುಣ್ಯ ಇದ್ದಷ್ಟು ಉಳಿಸಿಕೊಳ್ಳಬಹುದು.

ವೋಲ್ಟೇಜ್ ಕೊಟ್ಟ ಟ್ಯೂಬನ್ನು ಬಿಸಿಲಿಗೆ ಒಡ್ಡಿದವರೂ ಇದ್ದಾರೆ. ಅದಕ್ಕೆ ಪತ್ತೆದಾರಿ ಬೇಕಿಲ್ಲ.

ಕೆಟ್ಟ ಟ್ಯೂಬುಗಳನ್ನು ಎಸೆಯುವ ಮೊದಲು ಕನ್ನಡಕ ಹಾಕಿಕೊಂಡು, ದಪ್ಪ ಬಟ್ಟೆ ಸುತ್ತಿ, ಒಣ ಮರಳಿನ ಬಕೆಟ್ಟಿನಲ್ಲಿಟ್ಟು ಕತ್ತಿನ ತುದಿ ಮುರಿಯಿರಿ. ಸಿಂಕಿನಲ್ಲಿ ಬೇಡ, ನೀರಿನ ಹತ್ತಿರವೂ ಬೇಡ. ಸೀಸಿಯಂ ಆ್ಯಂಪೂಲಂತೂ ನೀರು ಕಂಡರೆ ಸಿಡಿಯುತ್ತದೆ. ಕೊಳವೆಯಲ್ಲಿ ಉಳಿದ ಕ್ರೋಮೇಟ್ ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಮುರಿದ ಕ್ಷಣ ಪದರದ ಕಡೆ ಕಣ್ಣಿಡಿ: ಗಾಳಿ ಒಳಗೆ ನುಗ್ಗಿದ ಜಾಗದಿಂದ ಶುರುವಾಗಿ ಅದರ ಬಣ್ಣ ಕೆಡುತ್ತಾ ಸರಿಯುತ್ತದೆ. 0.8ರ ಟ್ಯೂಬನ್ನು ಆ ಹುಡುಗನ ಕೈಯಲ್ಲೇ ಮುರಿಸಿದೆ.